ಗರ್ಭಕಂಠ

ಮೈನಸ್ ಎಂಬತ್ತರ ಪೆಟ್ಟಿಗೆಯ ಮೂರನೇ ಹಲಗೆಯಲ್ಲಿ
ನೀಲಿ ಮುಚ್ಚಳದ ಕೊಳವೆಯೊಳಗೆ ಸೇಸಕ್ಕ ಇದ್ದಾಳೆ.
ಹಾಗೆಂದರೆ ನಗುತ್ತಾಳೆ:
"ನಾನು ಬಂಗುಡೆಯನ್ನು ಐಸಿಗೆ ಹಾಕುವುದು,
ನೀನು ನನ್ನನ್ನು. ಸರಿಹೋಯಿತಲ್ಲ ಮಾರಾಯ್ತಿ."

ಒಪ್ಪಿಗೆ ಪತ್ರ ಮೂರು ಭಾಷೆಯಲ್ಲಿ ಅಚ್ಚಾಗಿತ್ತು.
ಕನ್ನಡದ್ದು ಎತ್ತಿಕೊಂಡೆ, ನಾಲ್ಕನೇ ತನಕ ಅವಳು ಕಲಿತದ್ದು ಅದರಲ್ಲಿ.
ಗರ್ಭಕಂಠ ಎಂಬಲ್ಲಿ ತಡೆದಳು.
"ಗರ್ಭಕ್ಕೆ ಕಂಠ ಉಂಟಾ?
ಮತ್ತೆ ಇಷ್ಟು ವರ್ಷ ಯಾಕೆ ಮಾತಾಡಲಿಲ್ಲ ಅದು?"

ವೈರಸ್ಸಿಗೆ ಮೂರರಲ್ಲೂ ಒಂದೇ ಹೆಸರು.
"ಯಾರು ಕೊಟ್ಟದ್ದು?" ಕೇಳಿದಳು.
ಹೊರಗೆ ಆಟೋದಲ್ಲಿ ಅವಳ ಗಂಡ ಬೀಡಿ ಸೇದುತ್ತಿದ್ದ.
ನಾನು ಕಾಗದ ನೋಡುತ್ತ ಹೇಳಿದೆ,
ಶೀತದ ಹಾಗೆ, ಬಹಳ ಮಂದಿಗೆ ಬರುತ್ತದೆ, ಹೋಗುತ್ತದೆ.
"ಹೋಗದೆ ಕೆಲವರಲ್ಲಿ ಯಾಕೆ ಉಳಿಯುವುದು?"
ಆರು ವರ್ಷದ ನನ್ನ ಪ್ರಬಂಧದ ಪ್ರಶ್ನೆ.
ಬುಟ್ಟಿ ಕೆಳಗಿಡುವಷ್ಟರಲ್ಲಿ ಕೇಳಿ ಮುಗಿಸಿದ್ದಳು.

ಆ ಬುಟ್ಟಿಯನ್ನೇ ಎರವಲು ತಗೊಂಡೆ.
ಮೈಯ ಒಂದೊಂದು ಕೋಶವೂ ಮೀನು ಮಾರುವವಳು, ಸೇಸಕ್ಕ.
ಒಳಗಿದ್ದದ್ದರ ಚೂರೊಂದನ್ನು
ಹೊಸ್ತಿಲಿಗೆ ತಂದು ಹಿಡಿಯುತ್ತದೆ,
ನೀನು ಕಿವಿರೆತ್ತಿ ತೋರಿಸುವ ಹಾಗೆ: ನೋಡಿ, ಕೆಂಪುಂಟು, ಇವತ್ತಿನದು.
ಕಾವಲಿನವರು ಬಗ್ಗಿ ನೋಡುತ್ತಾರೆ.
ಹಾಳಾದದ್ದು ಕಂಡರೆ ಬುಟ್ಟಿ ಸಮೇತ ಎಸೆಯುತ್ತಾರೆ.
ತೋರಿಸುವ ಕೈ ಒಬ್ಬೊಬ್ಬರದು ಒಂದೊಂದು ಆಕಾರ,
ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ.
ಕೆಲವು ಕೈಗೆ ಕೆಲವು ಚೂರು ಸಿಕ್ಕುವುದೇ ಇಲ್ಲ,
ಕಾಣೆ ಮೀನಿನ ಹಾಗೆ ಜಾರಿಹೋಗುತ್ತದೆ.
ಈ ವೈರಸ್ಸಿನದು ಇನ್ನೊಂದು ಬುದ್ಧಿ,
ಬುಟ್ಟಿಯ ಮೇಲೆ ಗೋಣಿ ಎಳೆದುಬಿಡುವುದು.

"ಗೋಣಿ ಮುಚ್ಚಿದ್ದನ್ನು ನಾನಾದರೆ ಮೊದಲು ಬಿಚ್ಚುತ್ತೇನೆ" ಎಂದಳು.
ಉಂಟು, ಹಾಗೆ ಬಿಚ್ಚುವ ಕೋಶಗಳೂ ಉಂಟು,
ಏನೂ ತೋರಿಸದವರ ಮೇಲೆಯೇ ಕಣ್ಣು ಅವಕ್ಕೆ.
ನನ್ನ ಪಠ್ಯಪುಸ್ತಕದಲ್ಲಿ ಅದು ಹದಿನಾಲ್ಕನೇ ಅಧ್ಯಾಯ.

ಆಗಸ್ಟಿನಲ್ಲಿ ಫಲಿತಾಂಶ. ಹದಿನಾರನೇ ನಮೂನೆಯ ವೈರಸ್.
ಹುಣ್ಣು ಇನ್ನೂ ಗೆರೆ ದಾಟಿರಲಿಲ್ಲ.
ಮಂಗಳೂರಿನಲ್ಲಿ ಬಿಸಿ ತಂತಿಯ ಕುಣಿಕೆಯಿಂದ
ರವಕೆ ಗುಂಡಿಯಷ್ಟು ತೆಗೆದರು.
ತಿಂಗಳು ಭಾರ ಎತ್ತಬಾರದೆಂದಿದ್ದರು.
ಹದಿನೇಳನೇ ದಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಕೂಗು.

ಅದೇ ವಾರ, ರಾತ್ರಿ ಒಂದೂವರೆಗೆ,
ಕರೆಂಟು ಹೋಗಿ ನೌಷಾದ್ ಜನರೇಟರಿನ ಹಗ್ಗ ಎಳೆಯುತ್ತಿದ್ದಾಗ,
ಬ್ಯಾಟರಿಯಲ್ಲಿ ಉಳಿದ ಲ್ಯಾಪ್‌ಟಾಪಿನಲ್ಲಿ ಕಂಡಿತು:
ಅವಳ ಆ ಕೈ ಬರೆಯುವ ಜೀನಿನಲ್ಲಿ
ಎಲ್ಲರಿಗೂ ಜಿ ಇರುವ ಕಡೆ ಒಂದು ಎ.
ಯಾವ ಪಟ್ಟಿಯಲ್ಲೂ ಇಲ್ಲದ ಅಕ್ಷರ.
ಇನ್ನೊಮ್ಮೆ ಓಡಿಸಿದೆ. ಮತ್ತೂ ಎ.

ಕಳಿಸುವ ನಮೂನೆ ಕೇಳಿತು: ಯಾವ ಜನ?
ಮನೆಯಲ್ಲಿ ತುಳು. ದರ ಹೇಳುವುದು ಮಲೆಯಾಳದಲ್ಲಿ.
ಚಿಲ್ಲರೆ ಎಣಿಸುವುದು, ಗಮನಿಸಿದ್ದೇನೆ, ಕನ್ನಡದಲ್ಲಿ.
ಮುತ್ತಜ್ಜಿ ಹಾಯಿದೋಣಿಯಲ್ಲಿ ರತ್ನಾಗಿರಿಯಿಂದ ಬಂದವಳಂತೆ,
ಅದನ್ನು ಹೇಳಿದವರು ಈಗ ಇಲ್ಲ.
'ಇತರೆ' ಒತ್ತಿದೆ.
ಒಂದು ನಕ್ಷತ್ರ ಚಿಹ್ನೆ, ನಾಲ್ಕೈದು ಅಂಕೆ, ಹೆಸರು ಬಂತು.
ಸೇಸಕ್ಕ ಎಂದು ಎಲ್ಲೂ ಇಲ್ಲ ಅದರಲ್ಲಿ.

ಆ ಅಕ್ಷರ ಅವಳ ಕೈ ಹಿಡಿಯಿತೋ ಕೈ ಬಿಟ್ಟಿತೋ
ಒಬ್ಬಳಿಂದ ಹೇಳಲು ಬರುವುದಿಲ್ಲ.
ಇನ್ನೂ ಸಾವಿರ ಕೊಳವೆ ಬೇಕು,
ಸಾವಿರ ಹೆಂಗಸರು, ಬುಟ್ಟಿ ಕೆಳಗಿಟ್ಟು ಬರುವವರು.

ಆದರೂ ಹೋಗಿ ಹೇಳಿದೆ,
ನಿನ್ನಲ್ಲಿ ಯಾರಲ್ಲೂ ಕಾಣದ ಒಂದು ಅಕ್ಷರ ಉಂಟು.
"ತಪ್ಪು ಅಕ್ಷರವಾ? ನಾಲ್ಕನೇ ಕ್ಲಾಸಿನ ಟೀಚರೂ ಅದನ್ನೇ ಹೇಳುತ್ತಿದ್ದರು."
ಅಲ್ಲ ಎನ್ನುವಷ್ಟರಲ್ಲಿ ಗಿರಾಕಿ ಬಂದರು.
ಹೆಬ್ಬೆರಳಲ್ಲಿ ಕಿವಿರೆತ್ತಿ, ನನ್ನ ಕಡೆ ನೋಡದೆ,
"ಚುಚ್ಚುಮದ್ದು ಉಂಟಂತಲ್ಲ, ಮೊಮ್ಮಗಳಿಗೆ ಹನ್ನೆರಡು ಆಯಿತು.
ಬುಧವಾರ ಬರುತ್ತೇನೆ."

ಬುಧವಾರ ಸಂಜೆ ಆರರ ತನಕ ಕೂತೆ.
ಬಂದದ್ದು ಶುಕ್ರವಾರ,
ಹುಡುಗಿಯ ತೋಳು ಗಟ್ಟಿ ಹಿಡಿದು, ಬಂಗುಡೆಯ ಒಂದು ಪೊಟ್ಟಣ ಹಿಡಿದು.